ಶುಕ್ರವಾರದ ಕಡಲು

ಕುವೈತಿನಿಂದ ಬಂದವರ ಸಾಮಾನು ನೋಡಿ, ಅವರು ಬಂದದ್ದು ರಜೆಗೋ ಇಲ್ಲ ಇನ್ನು ಇಲ್ಲೇ ಇರುವುದಕ್ಕೋ ಎಂದು ಹೇಳಬಲ್ಲ ಹೆಂಗಸರು ಅಲೆಕ್ಸಾಂಡ್ರಿಯಾದ ಅನ್ಫೂಶಿಯಲ್ಲಿ ಇರುವಷ್ಟು ಜಗತ್ತಿನ ಇನ್ಯಾವ ಮೂಲೆಯಲ್ಲೂ ಇಲ್ಲ. ವಿಮಾನ ನಿಲ್ದಾಣದಲ್ಲಿ ಯಂತ್ರ ಇಟ್ಟುಕೊಂಡು ಪೆಟ್ಟಿಗೆಯ ಒಳಗೆ ನೋಡುತ್ತಾರೆ. ನಮ್ಮವರು ಬಾಲ್ಕನಿಯಲ್ಲಿ ಕೂತು ಬೆಳ್ಳುಳ್ಳಿ ಸುಲಿಯುತ್ತ ನೋಡುತ್ತಾರೆ, ಯಂತ್ರಕ್ಕಿಂತ ಚೆನ್ನಾಗಿ ನೋಡುತ್ತಾರೆ. ಕಂಬಳಿ, ಸೆಂಟು, ಹಾಲಿನ ಪುಡಿಯ ಡಬ್ಬ ಇಳಿದವೋ, ಅದು ರಜೆ. ಡಬ್ಬ ಖಾಲಿಯಾಗುವುದರೊಳಗೆ ಹೊರಟುಬಿಡುತ್ತಾರೆ. ಅಡುಗೆಮನೆಯೇ ಇಳಿಯಿತೋ, ಬಂದರು ಎಂದು ಅರ್ಥ. ಅಡುಗೆಮನೆಯನ್ನು ಯಾರೂ ರಜೆಗೆ ಕರೆದುಕೊಂಡು ಬರುವುದಿಲ್ಲ.

ಜುಲೈ ತಿಂಗಳ ಒಂದು ಮಧ್ಯಾಹ್ನ ಐದನೇ ಮಹಡಿಯ ಹಾಜ್ಜಾ ತಫೀದಾಳ ಮಗ ಫಿಕ್ರಿಯ ವ್ಯಾನು ನಮ್ಮ ಬೀದಿಗೆ ತಿರುಗಿತು. ಅದರ ಮೇಲೆ ಸಾಮಾನು ಎಷ್ಟು ಎತ್ತರಕ್ಕಿತ್ತೆಂದರೆ, ವ್ಯಾನಿಗಿಂತ ಮೊದಲು ಅದರ ನೆರಳು ಬಂತು. ಕತ್ತಲಾಯಿತೆಂದು ತಿಳಿದು ಕೋಳಿಗಳೆಲ್ಲ ಗೂಡು ಸೇರಿಬಿಟ್ಟವು. ಮೂರನೇ ಮಹಡಿಯ ಉಮ್ಮು ವಹೀದ್ ಮಡಿಲಿನ ಬೆಳ್ಳುಳ್ಳಿ ಸಿಪ್ಪೆ ಕೊಡವಿ ಎದ್ದು ನಿಂತಳು. ಸಾಮಾನು ಓದುವುದರಲ್ಲಿ ಆಕೆ ನಮ್ಮ ಬೀದಿಯ ನ್ಯಾಯಾಧೀಶೆ. ಆಕೆಯ ತೀರ್ಪು ತಪ್ಪಿದ್ದನ್ನು ಕಂಡವರು ಯಾರೂ ಬದುಕಿಲ್ಲ.

"ಹಾಜ್ಜಾ ತಫೀದಾ! ಹಾಜ್ಜಾ!" ಎಂದು ಆಕೆ ಐದನೇ ಮಹಡಿಯತ್ತ ಕೂಗಿದಳು. "ಕುಕ್ಕರ್ ಇಳೀತು!"

"ದೊಡ್ಡದಾ, ಚಿಕ್ಕದಾ?" ಎಂದು ಮೇಲಿನಿಂದ ಹಾಜ್ಜಾಳ ದನಿ ಬಂತು.

"ಒಂದು ಕುರಿ ಮಲಗೋಷ್ಟು! ಹಿಂದೇನೇ ಮಿಕ್ಸಿ ಬಂತು, ಇಸ್ತ್ರಿ ಮೇಜು ಬಂತು, ಹೊಲಿಗೆ ಮಿಷನ್ನೂ ಬಂತು! ಇನ್ನು ನಿನ್ನ ಮಗ ವಾಪಸ್ಸು ಹೋದರೆ ನಾನು ಮೀಸೆ ಬೋಳಿಸ್ಕೋತೀನಿ!"

"ನಿಂಗೆ ಮೀಸೆ ಎಲ್ಲಿದೆಯೇ?"

"ಬೆಳೆಸಿ ಬೋಳಿಸ್ತೀನಿ!"

ಹಾಜ್ಜಾ ತಫೀದಾ ನಾಲಿಗೆ ಹೊರಳಿಸಿ ಹಾಕಿದ ಮಂಗಳಧ್ವನಿಗೆ ಬಂದರಿನಲ್ಲಿದ್ದ ಹಡಗೊಂದು ಯಾರೋ ಕರೆದರೆಂದು ತಿರುಗಿ ನೋಡಿತಂತೆ. ಅರ್ಧ ಗಂಟೆಯೊಳಗೆ ಕೆಂಪು ಶರಬತ್ತು ಬೀದಿಯ ಎಲ್ಲ ಮನೆಗಳಿಗೂ ಹೋಯಿತು. ಹಂಚಿದವಳು ಉಮ್ಮು ವಹೀದ್. ಕರಗಿಸಿ ಕಲಸಿ ಲೋಟ ತೊಳೆದವಳು ಹಾಜ್ಜಾಳ ಮಗಳು ಇನ್ಶಿರಾ.

ನಲವತ್ತಾರರ ಇನ್ಶಿರಾ ಒದ್ದೆ ಕೈಯಲ್ಲೇ ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಫೋನು ಮಾಡಿದಳು.

"ದಸೂಕಿ, ಬಾಗಿಲಿಗೆ ಬಣ್ಣ ಹಚ್ಚು."

"ಯಾವ ಬಣ್ಣ?"

"ಯಾವುದಾದ್ರೂ. ಬೇಗ ಒಣಗೋದು."

"ಕುಕ್ಕರ್ ಬಂತಾ?" ಎಂದು ಕೇಳಿದ ದಸೂಕಿ.

"ಬಂತು," ಎಂದಳು ಇನ್ಶಿರಾ. ಅಳು ಬಂತು, ಶರಬತ್ತಿನ ಕೈಯಿಂದಲೇ ಕಣ್ಣೊರೆಸಿಕೊಂಡಳು.

ದಸೂಕಿ ಆಕೆಯ ಗಂಡ. ಎರಡು ವರ್ಷದ ಹಿಂದೆ ನಿಕಾಹ್ ಬರೆಸಿಕೊಂಡಿದ್ದರು. ಆದರೆ ಇನ್ಶಿರಾ ಇನ್ನೂ ಅವನ ಮನೆ ಹೊಕ್ಕಿರಲಿಲ್ಲ. ಅವನು ದೋಣಿ ಕಟ್ಟುವ ಉಸ್ತಾದ. ಅವನು ಕಟ್ಟಿದ ದೋಣಿಗಳಿಗೆ ನೀರು ಒಳಗೆ ಬರಲು ನಾಚಿಕೊಳ್ಳುತ್ತದೆ ಎಂದು ನಮ್ಮ ಮೀನುಗಾರರು ಹೇಳುತ್ತಾರೆ. ಅನ್ಫೂಶಿಯ ದಡದಲ್ಲಿ ಒಂದೊಂದೇ ಹೋಟೆಲ್ಲು ಎದ್ದು ದೋಣಿ ಕಟ್ಟುವ ಜಾಗ ಅಂಗೈಯಷ್ಟಾದಾಗ ಅವನು ರಶೀದ್ ಎಂಬ ಊರಿಗೆ ಹೋದ. ಬಸ್ಸಿನಲ್ಲಿ ಒಂದೂವರೆ ತಾಸಿನ ದಾರಿ. ಅಲ್ಲಿ ನದಿಯ ಪಕ್ಕ ಕೆಳಮಹಡಿಯ ಮನೆ ಹಿಡಿದ. ಹಾಜ್ಜಾ ತಫೀದಾ ಅನ್ಫೂಶಿ ಬಿಟ್ಟು ಬರಲಾರಳು. ಆಕೆಯೊಬ್ಬಳನ್ನೇ ಬಿಟ್ಟು ಇನ್ಶಿರಾ ಹೋಗಲಾರಳು. ಕಳೆದ ವಸಂತದಲ್ಲಿ ದಸೂಕಿಗೆ ತಾಳ್ಮೆ ಮುಗಿದು, "ನನ್ನ ಹೆಂಡತಿಯನ್ನ ಕರ್ಕೊಂಡು ಹೋಗ್ತೀನಿ" ಎಂದು ಬಂದು ಕೂತಿದ್ದ. ಆಗ ಹಾಜ್ಜಾ ಅವನ ಗಲ್ಲ ಹಿಡಿದು, "ಬೇಸಿಗೆಗೆ ಫಿಕ್ರಿ ಸಂಸಾರ ಸಮೇತ ವಾಪಸ್ಸು ಬರ್ತಾನೆ ನನ್ನಪ್ಪ. ಅವನ ಹೆಂಡತಿ ನನ್ನ ನೋಡ್ಕೋತಾಳೆ. ಅಲ್ಲಿವರೆಗೆ ತಾಳು" ಎಂದಿದ್ದಳು. ದಸೂಕಿ ತಾಳಿದ್ದ. ಈಗ ಬೇಸಿಗೆ ಬಂತು, ಫಿಕ್ರಿ ಬಂದ, ಕುಕ್ಕರೂ ಬಂತು.

ಫಿಕ್ರಿ ಒಳಗೆ ಬಂದವನೇ ತಾಯಿಯ ಕೈಗೆ ಮುತ್ತಿಟ್ಟು, ತಂಗಿಯ ತಲೆ ಸವರಿ, ಬೂಟು ಕೂಡ ಬಿಚ್ಚದೆ ನೆಟ್ಟಗೆ ಬಾಲ್ಕನಿಗೆ ನಡೆದ. ಹಿಂದೆ ಅವನ ಹೆಂಡತಿ ನಿವೀನ್, ಹದಿನೈದು ವರ್ಷದ ಮಗಳು ಲೋಜೀನ್. "ಬಾ ಮಗಳೇ, ನಿಂಗೆ ನನ್ನ ಕಡಲು ತೋರಿಸ್ತೀನಿ," ಎಂದು ಹಸಿರು ಬಾಗಿಲನ್ನು ತಳ್ಳಿದ.

ಎದುರಿಗೆ ಗೋಡೆ. ಮೋಡ ತಾಗುವ ಕಟ್ಟಡವೊಂದು ಕೈಚಾಚಿದರೆ ಸಿಗುವಷ್ಟು ಹತ್ತಿರ ನಿಂತಿತ್ತು. ಅದರ ಕಿಟಕಿಯಲ್ಲಿ ಬನಿಯನ್ನಿನ ಗಂಡಸೊಬ್ಬ ಹಲ್ಲುಜ್ಜುತ್ತಿದ್ದ. ಬಾಯ್ತುಂಬ ನೊರೆ ಇಟ್ಟುಕೊಂಡೇ, "ಊರಿಗೆ ಬೆಳಕು ಬಂತು ಫಿಕ್ರಿ ಸಾಹೇಬ್ರೇ!" ಎಂದ. ಅವನಿಗೂ ಶರಬತ್ತು ತಲುಪಿತ್ತು.

"ಕಡಲೆಲ್ಲಿ?" ಎಂದ ಫಿಕ್ರಿ.

"ಎಲ್ಲಿ ಹೋಗುತ್ತೆ ನನ್ನ ಕಣ್ಣೇ? ಇದೆ. ಅದರ ಹಿಂದೆ ಕೂತಿದೆ," ಎಂದಳು ಹಾಜ್ಜಾ.

"ಮೊನ್ನೆ ಶುಕ್ರವಾರ ನೋಡಿದ್ನಲ್ಲಮ್ಮ! ಇದೇ ಹಸಿರು ಬಾಗಿಲು, ಪಕ್ಕದಲ್ಲಿ ತುಳಸಿ ಕುಂಡ, ಅದರಾಚೆ ಕಡಲು!" ಅವನು ಸುತ್ತ ನೋಡಿದ. ಹಸಿರು ಬಾಗಿಲಿಗೆ ಒಂದೇ ರೆಕ್ಕೆ ಇತ್ತು. "ಇನ್ನೊಂದು ರೆಕ್ಕೆ ಎಲ್ಲಿ?"

ಇನ್ಶಿರಾ ತಾರಸಿಯ ಕಡೆ ಬೆರಳು ತೋರಿಸಿದಳು.

ಆ ಮೋಸವನ್ನು ಸಿನಿಮಾ ತೆಗೆಯುವವರು ಬಂದು ಕಲಿತುಕೊಂಡು ಹೋಗಬೇಕಿತ್ತು. ಕಟ್ಟಡ ಎದ್ದ ವರ್ಷವೇ ಹಾಜ್ಜಾ ತಫೀದಾ ಯೋಚನೆ ಮಾಡಿದ್ದಳು: ಕಡಲು ಹೋಯಿತೆಂದು ತಿಳಿದರೆ ಮಗ ಬರುವುದಿಲ್ಲ. ತಾರಸಿಯಲ್ಲಿ ನೀರಿನ ಟ್ಯಾಂಕಿನ ಪಕ್ಕ ಒಂದು ಮೂಲೆ. ಅಲ್ಲಿಂದ ಕಟ್ಟಡದ ಎಡಕ್ಕೆ ಕಡಲಿನ ಒಂದು ಸೀಳು ಕಾಣುತ್ತದೆ. ಬಾಲ್ಕನಿ ಬಾಗಿಲಿನ ಒಂದು ರೆಕ್ಕೆ ಕಿತ್ತು ಅಲ್ಲಿಗೆ ಒಯ್ದು ಒರಗಿಸಿದರು, ತುಳಸಿ ಕುಂಡ ಇಟ್ಟರು. ಪ್ರತಿ ಶುಕ್ರವಾರ ಮಧ್ಯಾಹ್ನದ ಪ್ರಾರ್ಥನೆ ಮುಗಿದ ಮೇಲೆ ಇನ್ಶಿರಾ ತಾಯಿಯನ್ನು ಹೆಚ್ಚುಕಡಿಮೆ ಹೊತ್ತುಕೊಂಡೇ ಮೆಟ್ಟಿಲು ಹತ್ತಿ, ಕುರ್ಚಿಯಲ್ಲಿ ಕೂರಿಸಿ, ಅಲ್ಲಿ ಸಾಕಿದ್ದ ಬಾತುಕೋಳಿಗಳನ್ನು ಅತ್ತ ಅಟ್ಟಿ, ಅಣ್ಣನಿಗೆ ವಿಡಿಯೊ ಕರೆ ಮಾಡಿ ಫೋನನ್ನು ಸರಿಯಾದ ಕೋನಕ್ಕೆ ಹಿಡಿಯುತ್ತಿದ್ದಳು. ಕೂದಲೆಳೆಯಷ್ಟು ಬಲಕ್ಕೆ ವಾಲಿದರೂ ಕಟ್ಟಡ ಬಂದುಬಿಡುತ್ತಿತ್ತು. ಫಿಕ್ರಿ ರಜೆಗೂ ಬಾರದ ಆ ಆರು ವರ್ಷ ವಾಲಲಿಲ್ಲ. ಒಮ್ಮೆ ಬಾತುಕೋಳಿ ಕೂಗಿತು. "ಅದೇನಮ್ಮ?" ಎಂದು ಫಿಕ್ರಿ ಕೇಳಿದ್ದಕ್ಕೆ, "ನಿನ್ನ ತಂಗಿ ಕೆಮ್ಮಿದಳು" ಎಂದಿದ್ದಳು ಹಾಜ್ಜಾ.

"ಆರು ವರ್ಷ ನಂಗೆ ಮೋಸ ಮಾಡಿದ್ರಿ," ಎಂದ ಫಿಕ್ರಿ. "ನನ್ನ ತಾಯಿ. ನನ್ನ ತಂಗಿ."

"ಊಟ ಮಾಡು ಮೊದಲು," ಎಂದಳು ಹಾಜ್ಜಾ.

*

ಅಂದಿನಿಂದ ಆ ಮನೆಯಲ್ಲಿ ಬಡಿಸಿದ್ದಕ್ಕೆಲ್ಲ ಮೋಸವೇ ಒಗ್ಗರಣೆಯಾಯಿತು. ಬೆಳಿಗ್ಗೆ ಬೇಯಿಸಿದ ಕಾಳಿನ ಫೂಲ್ ತಟ್ಟೆಯ ಮುಂದೆ ಕೂತು, "ಇದೂ ಮೋಸವೇ. ಮೊದಲಿನ ರುಚಿ ಇಲ್ಲ," ಎನ್ನುವನು. ರಸ್ತೆಗೆ ಹೋಗಿ ಬರುವನು. ಅವನು ಈಜು ಕಲಿತ ಬಂಡೆಯ ಮೇಲೆ ಕಾಫಿ ಅಂಗಡಿ, ಒಳಗೆ ಬಿಡಲು ಚೀಟಿ ಕೇಳಿದರಂತೆ. ಅವನು ಓದಿದ ಶಾಲೆಯ ಮುಂದಿನ ಬಾದಾಮಿ ಮರ ಇಲ್ಲ. ಮೀನು ಸುಡುವ ಮುದುಕ ಸತ್ತು ಅವನ ಮೊಮ್ಮಗ ಕೂತಿದ್ದಾನೆ, ಫಿಕ್ರಿಯನ್ನು ನೋಡಿ, "ಯಾವ ದೇಶದವರು ಸಾರ್?" ಎಂದನಂತೆ. ಮುದುಕ ಸತ್ತದ್ದೂ ತಂಗಿಯ ತಪ್ಪೇ ಎಂಬಂತೆ ಫಿಕ್ರಿ ಅವಳನ್ನು ನೋಡಿದ.

"ನಂಗೆ ಯಾಕೆ ಹೇಳಲಿಲ್ಲ?"

"ಅವನು ಸತ್ತಾಗ ಹೇಳಿದ್ದೆ ಅಣ್ಣ. ನೀನು, 'ಅಯ್ಯೋ ಪಾಪ, ಫೋನು ತಿರುಗಿಸು ಕಡಲು ನೋಡೋಣ' ಅಂದೆ."

"ಯಾರೋ ನನ್ನೂರನ್ನ ಕದ್ದು ಇನ್ಯಾವುದೋ ಊರು ತಂದಿಟ್ಟಿದ್ದಾರೆ!"

"ನೀನಿಲ್ಲ ಅಂತ ಊರು ಉಸಿರು ಹಿಡ್ಕೊಂಡು ಕೂತಿರಬೇಕಿತ್ತಾ?" ಎಂದಳು ಇನ್ಶಿರಾ. ಅಂದದ್ದಕ್ಕೆ ಆಮೇಲೆ ತಾನೇ ನೊಂದುಕೊಂಡಳು. ಫೋನು ಹಿಡಿದದ್ದು ತನ್ನ ಕೈ. ಆ ಪಾಪ ತೊಳೆಯಲು ಆಕೆ ದುಡಿದ ದುಡಿಮೆಗೆ ಕತ್ತೆಗಳೂ ಕೈಮುಗಿಯುತ್ತಿದ್ದವು. ಬೆಳಗಿನ ಜಾವ ಎದ್ದು ಬ್ರೆಡ್ಡಿನ ಸಾಲಿನಲ್ಲಿ ನಿಂತಳು. ನಿವೀನಳಿಗೆ ನಲ್ಲಿ ನೀರು ಆಗದೆಂದು ಕುಡಿಯುವ ನೀರು ಹೊತ್ತಳು. ಅಣ್ಣನ ತಿಂಡಿಯನ್ನು ತಾರಸಿಗೆ ಒಯ್ದು, ಟ್ಯಾಂಕಿನ ಪಕ್ಕ ಚಾಪೆ ಹಾಸಿ, "ತಗೋ ಅಣ್ಣ, ಕಡಲು ಕಾಣುತ್ತೆ, ನಿಜವಾದ್ದೇ," ಎಂದಳು. ಅವನು ತಿಂದ. ಆದರೆ ಬೆನ್ನು ತಿರುಗಿಸಿ ಕೂತು ತಿಂದ.

ಕುಕ್ಕರ್ ಮಾತ್ರ ಪೆಟ್ಟಿಗೆಯಿಂದ ಹೊರಗೆ ಬರಲಿಲ್ಲ.

"ತೆಗೀಲಾ ನಿವೀನ್? ಬಟಾಣಿ ಬೇಯಿಸ್ಬೋದು."

"ಇರಲಿ ಬಿಡು ಇನ್ಶಿರಾ. ನಿಮ್ಮ ಪಾತ್ರೆನೇ ಚೆನ್ನಾಗಿದೆ," ಎಂದಳು ನಿವೀನ್. ನಿವೀನ್ ಕೆಟ್ಟವಳಲ್ಲ, ಯಾರ ಮುಖವನ್ನೂ ನೇರವಾಗಿ ನೋಡುತ್ತಿರಲಿಲ್ಲ, ಅಷ್ಟೆ.

ಎರಡನೇ ಶುಕ್ರವಾರ ದಸೂಕಿ ರಶೀದಿನಿಂದ ಮೀನು ತಂದ. ಆ ಮೀನಿನ ತಲೆ ಮೊದಲನೇ ಮಹಡಿಗೆ ಬಂದಾಗ ಬಾಲ ಇನ್ನೂ ಬೀದಿಯಲ್ಲಿತ್ತು. ಊಟಕ್ಕೆ ಕೂತಾಗ ಅವನು ಸುತ್ತುಬಳಸದೆ ಕೇಳಿದ:

"ಫಿಕ್ರಿ ಅಣ್ಣಾ, ನಾನು ಬಾಗಿಲಿಗೆ ಬಣ್ಣ ಹಚ್ಚಿದ್ದೀನಿ. ಯಾವಾಗ ಕರ್ಕೊಂಡು ಹೋಗ್ಲಿ?"

"ದೇವರು ನಡೆಸಿಕೊಟ್ಟ ಹಾಗೆ ಆಗಲಿ ಉಸ್ತಾದ್. ಈಗ ತಾನೇ ಬಂದಿದ್ದೀವಿ. ಸ್ವಲ್ಪ ಉಸಿರು ಬಿಡೋಣ."

"ಮಗಳನ್ನ ಯಾವ ಶಾಲೆಗೆ ಹಾಕ್ತೀರಿ?"

ಲೋಜೀನ್ ಬಾಯಿ ತೆರೆದಳು. ನಿವೀನ್ ಆ ಬಾಯಿಗೆ ಮೀನಿನ ತುಂಡು ಇಟ್ಟಳು. ಹಾಜ್ಜಾ ತಫೀದಾ, "ದಸೂಕಿ, ತಲೆ ಭಾಗ ನೀನು ತಿನ್ನು, ನಿಂಗಿಷ್ಟ," ಎಂದು ಮಾತು ಅಲ್ಲಿಗೇ ಕತ್ತರಿಸಿದಳು.

ಮೆಟ್ಟಿಲಿನವರೆಗೆ ಬಿಡಲು ಬಂದ ಇನ್ಶಿರಾಳಿಗೆ ದಸೂಕಿ ಹೇಳಿದ: "ನಿನ್ನಣ್ಣ ದೇವರ ಹೆಸರು ಹೇಳಿದ್ದು, ಸಾಲ ಕೇಳಿದವನ ಮುಂದೆ ಹೇಳ್ತಾರಲ್ಲ, ಹಾಗಿತ್ತು."

"ಅವನಿಗೆ ಕಡಲಿನ ನೋವು. ನಾವು ಮಾಡಿದ್ದು ಕಮ್ಮಿನಾ?"

"ನೀನು ಮಾಡಿದ್ದು ಫೋನು ಹಿಡಿದದ್ದು. ಕಟ್ಟಡ ನೀನು ಕಟ್ಟಿದ್ದಾ?" ಎಂದು ದಸೂಕಿ ಇಳಿದು ಹೋದ.

*

ಜುಲೈ ಮುಗಿಯುತ್ತ ಬಂದಿತ್ತು. ಇನ್ಶಿರಾ ತನ್ನ ಕೋಣೆಯನ್ನು ಅಣ್ಣ-ಅತ್ತಿಗೆಗೆ ಬಿಟ್ಟುಕೊಡಲು ಸಿದ್ಧಮಾಡತೊಡಗಿದಳು. ಮದುವೆಗೆಂದು ಕೂಡಿಸಿಟ್ಟ ಹಾಸು ಹೊದಿಕೆಗಳನ್ನು ಗಂಟು ಕಟ್ಟಿದಳು, ಬೀರು ಖಾಲಿ ಮಾಡಿದಳು. ಅಲೆಕ್ಸಾಂಡ್ರಿಯಾದ ತೇವ ಎಂಥದೆಂದರೆ, ಬೇಸಿಗೆಯಲ್ಲಿ ಬಟ್ಟೆಗೆ ಬಿಸಿಲು ತೋರಿಸದಿದ್ದರೆ ಅಂಗಿಯ ಜೇಬಿನಲ್ಲಿ ಅಣಬೆ ಕಿತ್ತು ಸಾರು ಮಾಡಬಹುದು. ಕುವೈತಿನಲ್ಲಿ ಬೆಳೆದ ಅತ್ತಿಗೆಗೆ ಇದೆಲ್ಲ ಎಲ್ಲಿ ಗೊತ್ತು? ಅವರು ಮೂವರೂ ಪೇಟೆಗೆ ಹೋಗಿದ್ದ ಬೆಳಿಗ್ಗೆ ಇನ್ಶಿರಾ ಅವರ ಪೆಟ್ಟಿಗೆಗಳನ್ನು ಒಂದೊಂದಾಗಿ ತಾರಸಿಗೆ ಹೊತ್ತು ಒಣಹಾಕತೊಡಗಿದಳು. ಕೇಳಿ ಮಾಡುವ ಕೆಲಸ ಅಂತ ಅನ್ನಿಸಲೇ ಇಲ್ಲ. ನಮ್ಮಲ್ಲಿ ಯಾವ ಹೆಂಗಸೂ ಕೇಳುವುದಿಲ್ಲ.

ನೀಲಿ ಪೆಟ್ಟಿಗೆ ತೆರೆದಾಗ ಒಳಗಿಂದ ಏನೋ ಉಬ್ಬಿ ಎದ್ದು ನಿಂತಿತು. ಆಕೆ ಹೆದರಿ ಹಿಂದೆ ಸರಿದಳು. ಕೋಟುಗಳು. ಮೂರು. ಹಾಸಿಗೆಯಷ್ಟು ದಪ್ಪ, ಒಂದೊಂದರೊಳಗೂ ಒಂದು ಊರಿನ ಬಾತುಕೋಳಿಗಳ ಪುಕ್ಕವೆಲ್ಲ ತುಂಬಿದಂತಿತ್ತು. ಕೆಳಗೆ ಮೊಣಕಾಲುದ್ದದ ಬೂಟುಗಳು, ಒಳಗೆಲ್ಲ ಉಣ್ಣೆ. ಕೈಗವಸುಗಳು, ಕಿವಿ ಮುಚ್ಚುವ ಟೊಪ್ಪಿಗಳು. ಅಂಗಡಿಯ ಚೀಟಿ ಇನ್ನೂ ಹರಿದಿರಲಿಲ್ಲ. ಇನ್ಶಿರಾ ನಕ್ಕಳು. ಪಾಪ, ನಮ್ಮೂರ ಚಳಿಯನ್ನು ಮರೆತೇ ಬಿಟ್ಟಿದ್ದಾನೆ ಅಣ್ಣ! ಜನವರಿಯ ಗಾಳಿಗೆ ಒಂದು ಸ್ವೆಟರ್ ಸಾಕಲ್ಲ! ನಗುತ್ತಲೇ ಮೂರನ್ನೂ ಹಗ್ಗದ ಮೇಲೆ ಹಾಕಿದಳು. ತಲೆಯಿಲ್ಲದ ಮೂವರು ಪೈಲ್ವಾನರು ಗಾಳಿಗೆ ತೂಗಾಡಿದರು.

ಲೋಜೀನ್ ಏದುಸಿರು ಬಿಡುತ್ತ ಮೇಲೆ ಬಂದಳು. ಕೆಳಗೆ ಬೀದಿಯಿಂದ ಕೋಟುಗಳನ್ನು ನೋಡಿ ಓಡಿ ಬಂದಿದ್ದಳು.

"ಅತ್ತೆ! ಅವನ್ನ ಯಾಕೆ ತೆಗೆದ್ರಿ? ಅಪ್ಪ ಬೈತಾರೆ!"

"ಬಿಸಿಲು ತೋರಿಸ್ತಿದ್ದೀನಿ ಪುಟ್ಟ. ಇಷ್ಟು ದಪ್ಪ ಕೋಟು ಯಾಕೆ ತಂದ್ರೋ! ಇಲ್ಲೇನು ಹಿಮ ಬೀಳುತ್ತಾ?"

"ಇಲ್ಲಿಗಲ್ಲ ಅತ್ತೆ. ಕೆನಡಾಗೆ." ಹುಡುಗಿ ತುಟಿ ಕಚ್ಚಿಕೊಂಡಳು. "ನಿಮಗೆ… ಹೇಳಿಲ್ವಾ?"

ತೂಗಾಡುತ್ತಿದ್ದ ಕೋಟೊಂದನ್ನು ಇನ್ಶಿರಾ ಹಿಡಿದು ನಿಲ್ಲಿಸಿದಳು.

"ಯಾವಾಗ ಗೊತ್ತಾಯ್ತು ನಿಮಗೆ, ಹೋಗೋದು?"

"ಚಳಿಗಾಲದಲ್ಲೇ. ಮಾವ ಅಲ್ಲಿದ್ದಾರಲ್ಲ, ಅಮ್ಮನ ಅಣ್ಣ. ಮನೆ ಹಿಡಿದಿದ್ದಾರೆ. ನಂಗೆ ಶಾಲೆ ಸಿಕ್ಕಿದೆ. ಕೋಟು ತಗೊಂಡಾಗಲೂ ನಾನು ಅಪ್ಪನ್ನ ಕೇಳ್ದೆ, ಅತ್ತೆಗೆ ಹೇಳಿದ್ರಾ ಅಂತ. ಅಜ್ಜಿ ಹೇಳ್ತಾರೆ ಅಂದ್ರು."

"ಅಜ್ಜಿ?"

ಲೋಜೀನ್ ಬಾಯಿಗೆ ಕೈ ಅಡ್ಡ ಹಿಡಿದಳು. ತಡವಾಗಿತ್ತು.

"ಹೋಗು ಪುಟ್ಟ, ಬಿಸಿಲು," ಎಂದಳು ಇನ್ಶಿರಾ. ಕೋಟುಗಳನ್ನು ತೆಗೆದು ಮಡಚಿ, ಎರಡನ್ನು ಪೆಟ್ಟಿಗೆಗೆ ಹಾಕಿದಳು. ಒಂದನ್ನು ತನ್ನ ಕೋಣೆಗೆ ಒಯ್ದಳು.

ಅಂದು ಮಧ್ಯಾಹ್ನ ಮುಲೂಖಿಯಾ ಸೊಪ್ಪಿನ ಸಾರು. ಅದಕ್ಕೆ ಹುರಿದ ಬೆಳ್ಳುಳ್ಳಿ ಸುರಿಯುವಾಗ ಅಡುಗೆಯವಳು ಹಾ ಎಂದು ಸದ್ದು ಮಾಡಿ ಉಸಿರೆಳೆದುಕೊಳ್ಳಬೇಕು. ಇಲ್ಲದಿದ್ದರೆ ಸಾರು ಕೆಡುತ್ತದೆ, ಇದು ನಮ್ಮ ಅಡುಗೆಮನೆಗಳ ಕಾನೂನು. ಇನ್ಶಿರಾಳ ಉಸಿರು ನಾಲ್ಕು ಮನೆಗೆ ಕೇಳಿಸುತ್ತಿತ್ತು. ಉಮ್ಮು ವಹೀದ್ ಅದನ್ನು ಕೇಳಿಯೇ ತಟ್ಟೆ ಹಾಕುತ್ತಿದ್ದಳು. ಅಂದು ಎಣ್ಣೆ ಚುಂಯ್ ಎಂದಿತು, ಅಷ್ಟೇ.

"ಇನ್ಶಿರಾ! ಉಸಿರೆಳೆದ ಸದ್ದೇ ಬರಲಿಲ್ಲ?" ಎಂದು ಒಳಗಿಂದ ಹಾಜ್ಜಾ ಕೇಳಿದಳು.

"ಎಳ್ಕೊಂಡೆ ಅಮ್ಮ," ಎಂದಳು ಇನ್ಶಿರಾ. "ಇನ್ನೂ ಬಿಟ್ಟಿಲ್ಲ."

*

ಶುಕ್ರವಾರ ಬಂತು. ಇನ್ಶಿರಾ ಬೆಳಿಗ್ಗೆಯಿಂದ ಈರುಳ್ಳಿ ಕಪ್ಪಗೆ ಹುರಿದು, ಮನೆಯ ದೊಡ್ಡ ಅಲ್ಯುಮಿನಿಯಂ ಪಾತ್ರೆಯಲ್ಲಿ ಮೀನಿನ ಅನ್ನ ಮಾಡಿದಳು. ಆ ಪಾತ್ರೆ ಹಾಜ್ಜಾಳ ಮದುವೆಯದು; ಮನೆಯ ಎಲ್ಲ ಮದುವೆ, ಸಾವು, ಹಬ್ಬದ ಅನ್ನ ಬೆಂದದ್ದು ಅದರಲ್ಲೇ. ದಸೂಕಿ ಬಂದ. ಉಮ್ಮು ವಹೀದ್‌ಳನ್ನೂ ಕರೆದಿದ್ದಳು. ಎಲ್ಲರೂ ಕೂತರು. ಫ್ಯಾನು ಸುತ್ತುತ್ತಿತ್ತು, ಆದರೂ ಎಂಥ ಸೆಕೆ ಎಂದರೆ ಗೋಡೆಯ ಮೇಲಿನ ಹಲ್ಲಿಯೂ ನೆರಳು ಹುಡುಕುತ್ತಿತ್ತು.

ಅಡುಗೆಮನೆಯಿಂದ ಇನ್ಶಿರಾ ಅನ್ನದ ತಟ್ಟೆ ಹೊತ್ತು ಬಂದಳು. ಮೈಮೇಲೆ ಆ ಕೋಟು. ಕುತ್ತಿಗೆಯವರೆಗೆ ಜಿಪ್ ಎಳೆದಿದ್ದಳು. ಮುಖ ಬೀಟ್‌ರೂಟಿನಂತಾಗಿ ಗಲ್ಲದಿಂದ ಬೆವರು ತೊಟ್ಟಿಕ್ಕುತ್ತಿತ್ತು. ದಸೂಕಿಗೆ ಬಡಿಸಿದಳು. ಉಮ್ಮು ವಹೀದ್‌ಗೆ ಬಡಿಸಿದಳು. ಯಾರೂ ತುತ್ತು ಎತ್ತಲಿಲ್ಲ.

"ಏನಿದು ವೇಷ, ನನ್ನವ್ವ?" ಎಂದಳು ಉಮ್ಮು ವಹೀದ್. "ಜ್ವರ ಬಂತಾ?"

ಹಾಜ್ಜಾ ತಫೀದಾ ಮಗಳನ್ನು ನೋಡಿದಳು. ಆಮೇಲೆ ಬಾಯಿತಪ್ಪಿ ಬಂದ ಮಾತು ಇದು:

"ತೆಗಿಯೇ ಅದನ್ನ, ಸಾರು ಬಿದ್ದೀತು. ಹುಡುಗಿ ಅಲ್ಲಿ ಏನು ಹಾಕ್ಕೋಬೇಕು?"

ಇನ್ಶಿರಾಳ ಕೈಯಲ್ಲಿ ಸೌಟು ನಿಂತಿತು. ಆ ಕ್ಷಣದವರೆಗೂ, ಹುಡುಗಿ ಏನೋ ತಪ್ಪು ತಿಳಿದಿರಬೇಕು ಎಂಬ ಒಂದು ಆಸೆಯ ಎಳೆ ಉಳಿದಿತ್ತು.

"ಅಲ್ಲಿ ಅಂದ್ರೆ ಎಲ್ಲಿ ಅಮ್ಮ?"

ಫಿಕ್ರಿ ಎದ್ದು ನಿಂತ. "ನಾನೇ ಹೇಳ್ಬೇಕು ಅಂತಿದ್ದೆ ಇನ್ಶಿರಾ. ಹೇಗೆ ಹೇಳೋದು? ಬಂದ ದಿನವೇ ಆ ಗೋಡೆ ನೋಡ್ದೆ. ನೀವು ನಂಗೆ ಮೋಸ ಮಾಡಿದ್ರಿ. ಕಡಲಿಲ್ಲದ ಊರಲ್ಲಿ ನಾನು ಹೇಗೆ ಇರ್ಲಿ?"

"ಈ ಕೋಟು ಯಾವಾಗ ತಗೊಂಡೆ?"

"ಅದಲ್ಲ ಮಾತು—"

"ಚಳಿಗಾಲದಲ್ಲಿ. ಆಗ ನಿನ್ನ ಬಾಲ್ಕನಿ ಮುಂದೆ ಕಡಲಿತ್ತು ಅಣ್ಣ. ಶುಕ್ರವಾರ ಶುಕ್ರವಾರ ನಾನೇ ತೋರಿಸಿದ್ದೆ. ಒಂದು ಹನೀನೂ ಕಮ್ಮಿ ಆಗಿರಲಿಲ್ಲ. ಕಡಲು ಇದ್ದಾಗಲೇ ನೀನು ಕೋಟು ಕೊಂಡೆ."

ಫಿಕ್ರಿ ಕೂತ. ಅವನ ತಟ್ಟೆಯ ಮೀನು ಬಾಯಿ ತೆರೆದುಕೊಂಡಿತ್ತು, ಅವನೂ.

"ಮಗಳ ಓದು," ಎಂದಳು ನಿವೀನ್ ಮೆಲ್ಲಗೆ. "ಕುವೈತಿನ ಕೆಲಸ ಮುಗೀತು. ಇಲ್ಲಿ ಇವರಿಗೆ ಯಾರು ಗೊತ್ತು ಈಗ?"

"ಹೋಗಿ. ಬೇಡ ಅಂದೋರು ಯಾರು? ಫೋನಲ್ಲಿ ಒಂದು ಮಾತು ಹೇಳಿದ್ರೆ ಆಗ್ತಿರಲಿಲ್ವಾ? ಅಡುಗೆಮನೆ ಯಾಕೆ ಹೊತ್ತು ತಂದ್ರಿ?"

"ಕೆನಡಾ ವಿಮಾನದಲ್ಲಿ ಅಷ್ಟು ಬಿಡಲ್ಲ. ಇಲ್ಲಿ ಇಟ್ಟು ಹೋಗೋಣ ಅಂತ…"

ಉಮ್ಮು ವಹೀದ್ ಸೀದಾ ಹಾಜ್ಜಾಳತ್ತ ತಿರುಗಿದಳು. "ಹಾಗಾದ್ರೆ ಶರಬತ್ತು? ನನ್ನ ಕೈಯಿಂದ ಬೀದಿಗೆಲ್ಲ ಹಂಚಿಸಿದ್ಯಲ್ಲ ಹಾಜ್ಜಾ! ನಿಂಗೆ ಗೊತ್ತಿತ್ತಾ?"

ಹಾಜ್ಜಾ ತಫೀದಾ ಅನ್ನವನ್ನು ಬೆರಳಿನಿಂದ ಉಂಡೆ ಮಾಡುತ್ತಿದ್ದಳು. ಬಾಯಿಗೆ ಇಡಲಿಲ್ಲ. "ಗೊತ್ತಿತ್ತು. ಮಗ ಅತ್ಕೊಂಡು ಹೇಳ್ದ. ಹೋಗು ಅಂದೆ. ಹೆಂಡತಿ ಮಕ್ಕಳ ಹಿಂದೆ ಹೋಗದೆ ಗಂಡಸು ಏನು ಮಾಡ್ತಾನೆ?"

"ನಾನು ಗಂಡನ ಹಿಂದೆ ಹೋಗೋದು ಬೇಡ್ವಾ ಅಮ್ಮ?"

"ರಶೀದ್ ಎಲ್ಲಿಗೆ ಓಡಿ ಹೋಗುತ್ತೆ? ಹತ್ತಿರದಲ್ಲೇ ಇದೆ. ನೀನಿದ್ದೀಯಲ್ಲ ಅಂದ್ಕೊಂಡೆ. ವಸಂತದಲ್ಲಿ ಇವನು ಬಂದು ಕೂತಾಗ ನಂಗೆ ಕೈಕಾಲು ತಣ್ಣಗಾಯ್ತು. ಬೇಸಿಗೆ ಅಂದೆ. ಬೇಸಿಗೆ ಆದ್ಮೇಲೆ ಇನ್ನೇನೋ ಅಂತಿದ್ದೆ."

ಆರು ವರ್ಷ ಬಾಗಿಲಿನ ರೆಕ್ಕೆಯನ್ನೂ ತುಳಸಿ ಕುಂಡವನ್ನೂ ತಾನೇ ಜೋಡಿಸಿ ಇಟ್ಟಿದ್ದಳಲ್ಲ ಇನ್ಶಿರಾ, ತಾಯಿ ಹೇಳಿದ ಜಾಗದಲ್ಲಿ, ತಾಯಿ ಹೇಳಿದ ಕೋನಕ್ಕೆ. ಕುಕ್ಕರ್, ಮಿಕ್ಸಿ, ಶರಬತ್ತು ಎಲ್ಲವೂ ತನ್ನ ಮುಂದೆ ಹಾಗೆಯೇ ಒರಗಿಸಿಟ್ಟ ರೆಕ್ಕೆ ಎಂದು ಆಗ ಹೊಳೆಯಿತು. ಈ ಸಲ ನೋಡುವವಳು ತಾನಾಗಿದ್ದಳು.

ಆಕೆ ಜಿಪ್ ಎಳೆದು ಕೋಟು ಬಿಚ್ಚಿ ಲೋಜೀನಳ ಕುರ್ಚಿಗೆ ಹಾಕಿದಳು. "ಒಗೆಯೋದು ಬೇಡ ಪುಟ್ಟ, ನೆರಳಲ್ಲಿ ಒಣಗಿಸು," ಎಂದಳು. ಆಮೇಲೆ ತಾಯಿಯ ಕಡೆ ತಿರುಗಿ, "ನನ್ನ ಮನೆ ಕೆಳಮಹಡಿ ಅಮ್ಮ. ಮುಂದೆ ನದಿ ಕಾಣುತ್ತೆ, ನಡುವೆ ಏನೂ ಇಲ್ಲ. ಬರ್ತೀಯಾ?"

"ನನ್ನ ಹೆಣಾನೂ ಅನ್ಫೂಶಿ ದಾಟಲ್ಲ."

"ನನ್ನ ಜೀವ ದಾಟುತ್ತೆ," ಎಂದಳು ಇನ್ಶಿರಾ. "ಅನ್ನ ಆರ್ತಿದೆ, ತಿನ್ನಿ."

ದಸೂಕಿಯೊಬ್ಬನೇ ತಿಂದ. ಎರಡು ಸಲ ಬಡಿಸಿಕೊಂಡು ತಿಂದ.

*

ಫಿಕ್ರಿಯವರ ವಿಮಾನ ಮಂಗಳವಾರ. ಇನ್ಶಿರಾ ಭಾನುವಾರ ಬೆಳಿಗ್ಗೆಯೇ ಹೊರಟಳು.

ಹಾಗೆ ಹೊರಟವಳನ್ನು ಅನ್ಫೂಶಿ ಕಂಡಿರಲಿಲ್ಲ. ಅತ್ತಿಲ್ಲ, ಕೂಗಾಡಿಲ್ಲ. ಶನಿವಾರ ಮನೆಯೆಲ್ಲ ಒರೆಸಿದ್ದಳು, ತಾಯಿಯ ಮಾತ್ರೆಗಳು ಯಾವ ಹೊತ್ತಿಗೆ ಯಾವುದೆಂದು ಫಿಕ್ರಿಗೆ ಹೇಳಿಕೊಟ್ಟಿದ್ದಳು. ಅವನು, "ಇನ್ಶಿರಾ, ಎರಡೇ ದಿನ ಇದೆ. ನಾವು ಹೋದ್ಮೇಲೆ ಹೊರಡು, ಕೈ ಮುಗಿತೀನಿ. ಆಮೇಲೆ ಅಮ್ಮನಿಗೆ ಏನಾದ್ರೂ ವ್ಯವಸ್ಥೆ ಮಾಡೋಣ," ಎಂದ.

"ದೇವರು ನಡೆಸಿಕೊಟ್ಟ ಹಾಗೆ ಆಗಲಿ ಅಣ್ಣ," ಎಂದಳು. ಅದೇ ದನಿ, ಅದೇ ಎಳೆತ. ಫಿಕ್ರಿಗೆ ತಿಳಿಯಿತು.

ಬೀದಿಯಲ್ಲಿ ದಸೂಕಿ ಗಾಡಿ ನಿಲ್ಲಿಸಿಕೊಂಡು ನಿಂತಿದ್ದ. ಬಾಲ್ಕನಿಗಳೆಲ್ಲ ತುಂಬಿದ್ದವು; ಎದುರಿನ ಬನಿಯನ್ನಿನವನೂ ಹಲ್ಲುಜ್ಜುವುದನ್ನು ಬಿಟ್ಟು ನೋಡುತ್ತಿದ್ದ. ಇನ್ಶಿರಾ ಇಳಿದು ಬಂದಳು. ಒಂದು ಕೈಯಲ್ಲಿ ಹಾಸು ಹೊದಿಕೆಯ ಗಂಟು. ತಲೆಯ ಮೇಲೆ ಆ ದೊಡ್ಡ ಅಲ್ಯುಮಿನಿಯಂ ಪಾತ್ರೆ. ಬಿಸಿಲಿಗೆ ಅದು ಹೊಳೆದ ಹೊಳಪಿಗೆ ಬಂದರಿನ ದೀಪಸ್ತಂಭ ಮಂಕಾಗಿ ಕಂಡಿತು.

ಗಂಡಸೊಬ್ಬ ಕೆಳಗಿನಿಂದ ಕೂಗಿದ: "ಏನು ಉಮ್ಮು ವಹೀದ್, ತೀರ್ಪು ಹೇಳಲ್ವಾ? ರಜೆಗಾ, ಪೂರ್ತಿನಾ? ಮೀಸೆ ಎಷ್ಟುದ್ದ ಬಂತು?"

ಆ ಶರಬತ್ತಿನ ಸುಳ್ಳು ಬಯಲಾದ ದಿನದಿಂದ ಉಮ್ಮು ವಹೀದ್ ಯಾರ ಸಾಮಾನನ್ನೂ ಓದಿರಲಿಲ್ಲ. ಆದರೆ ಪಾತ್ರೆಯನ್ನು ಕಂಡು ಸೆರಗಿನಂತೆ ತಲೆವಸ್ತ್ರವನ್ನು ಕಣ್ಣಿಗೊತ್ತಿಕೊಂಡಳು. ಬೀದಿಗೆ ಅಷ್ಟು ಸಾಕಾಯಿತು.

ಐದನೇ ಮಹಡಿಯ ಬಾಲ್ಕನಿಯಲ್ಲಿ ಹಾಜ್ಜಾ ತಫೀದಾ ಕಾಣಿಸಿಕೊಂಡಳು. ಹಿಂದೆ ಫಿಕ್ರಿ. ತರಕಾರಿ ಕೊಳ್ಳುವ ಬುಟ್ಟಿಯನ್ನು ಹಗ್ಗದಲ್ಲಿ ಸರಸರನೆ ಇಳಿಸಿದಳು. ಬುಟ್ಟಿ ಬಂದು ಇನ್ಶಿರಾಳ ಎದೆಯ ಮುಂದೆ ನಿಂತಿತು.

"ಆ ಪಾತ್ರೆ ನಂದು!" ಎಂದು ಮುದುಕಿ ಕೂಗಿದಳು. "ಹಾಕು ಬುಟ್ಟಿಗೆ! ನಾಳೆ ನಾನು ಅನ್ನ ಯಾವುದರಲ್ಲಿ ಮಾಡ್ಲಿ?"

ಆ ಪಾತ್ರೆ ಅಂಥ ಹತ್ತು ಬುಟ್ಟಿಗಳಲ್ಲೂ ಹಿಡಿಯುತ್ತಿರಲಿಲ್ಲ. ಅದು ಹಾಜ್ಜಾಳಿಗೂ ಗೊತ್ತು. ಇನ್ಶಿರಾ ಗಂಟನ್ನು ದಸೂಕಿಗೆ ಕೊಟ್ಟು, ಸೊಂಟಕ್ಕೆ ಸಿಕ್ಕಿಸಿದ್ದ ತಾರಸಿಯ ಬೀಗದಕೈ ತೆಗೆದು ಬುಟ್ಟಿಗೆ ಹಾಕಿದಳು.

"ಇದು ಶುಕ್ರವಾರಕ್ಕೆ," ಎಂದಳು. "ಟ್ಯಾಂಕಿನಿಂದ ಎಡಕ್ಕೆ ಹಿಡೀಬೇಕು. ಅಣ್ಣನಿಗೆ ಜಾಗ ಗೊತ್ತು."

"ಅನ್ನ, ಇನ್ಶಿರಾ! ಅನ್ನ ಯಾವುದರಲ್ಲಿ?"

ಇನ್ಶಿರಾ ತಲೆಯ ಮೇಲಿನ ಪಾತ್ರೆಯನ್ನು ಎರಡೂ ಕೈಯಲ್ಲಿ ಹಿಡಿದು, ಮುಖ ಮೇಲೆತ್ತಿ, ಇಡೀ ಬೀದಿಗೆ ಕೇಳುವಂತೆ ಹೇಳಿದಳು:

"ಅಣ್ಣ ಕುಕ್ಕರ್ ತಂದಿದ್ದಾನಲ್ಲಮ್ಮ."